ಧೂಳಿನ ಬಗ್ಗೆ ಮಾತಾಡಬಹುದು

ಉಮ್ ಅಲ್ ಕುವೈನಿನಲ್ಲಿ, ಟಯರು ಅಂಗಡಿಯ ಮೇಲಿನ ಮಹಡಿಯಲ್ಲಿ
ನನ್ನ ಕೆಲಸ ಒಂದು ಗುಂಡಿ.
ಎಲ್ಲರೂ ಅಂದುಕೊಂಡ ಹಾಗೆ ಕೆಂಪಲ್ಲ, ಮಾಸಲು ಹಳದಿ.
ನನಗಿಂತ ಮೊದಲು ಕೂತವನ ಹೆಬ್ಬೆರಳು
ನಡುವೆ ಒಂದು ಕುಳಿ ಮಾಡಿಟ್ಟು ಹೋಗಿದೆ.
ನನ್ನದು ಅದರಲ್ಲಿ ಸರಿಯಾಗಿ ಕೂರುತ್ತದೆ.

ಶುಕ್ರವಾರ ಐದರಿಂದ ಏಳು, ಕನ್ನಡದ ಹೊತ್ತು.
ಗಾಜಿನಾಚೆ ಐರಿನ್ ಸಲ್ಡಾನ ನಗುತ್ತ ‘ಹೇಳಿ’ ಅನ್ನುತ್ತಾಳೆ.
ಜನ ಹೇಳುತ್ತಾರೆ.
ಹೇಳಿದ್ದು ಊರಿಗೆ ಮುಟ್ಟುವುದು ಏಳು ಸೆಕೆಂಡು ತಡವಾಗಿ.
ಆ ಏಳರೊಳಗೆ ನಾನಿದ್ದೇನೆ,
ಮದುವೆಮನೆಯ ಹೊರಗೆ ಚಪ್ಪಲಿ ಕಾಯುವವನ ಹಾಗೆ.

ಗೋಡೆಗೆ ಅಂಟಿಸಿದ ಹಾಳೆಯಲ್ಲಿ:
ದೇವರು ಬೇಡ. ದೊರೆ ಬೇಡ. ಕಂಪನಿಯ ಹೆಸರು ಬೇಡ.
ಕೆಳಗೆ ಪೆನ್ಸಿಲಿನಲ್ಲಿ ಯಾರೋ ಬೇಸತ್ತವರು:
ಧೂಳಿನ ಬಗ್ಗೆ ಮಾತಾಡಬಹುದು.
ಮಾತಾಡುತ್ತಾರೆ. ಧೂಳು, ಬಂಗುಡೆಯ ರೇಟು,
ಕುಚ್ಚಲಕ್ಕಿ ಯಾವ ಅಂಗಡಿಯಲ್ಲಿ ಸಿಗುತ್ತದೆ.
ಉಳ್ಳಾಲದ ಹುಸೇನಬ್ಬರಿಗೆ ವಾರವಾರವೂ ಅದೇ ಹಾಡು.

ನಾನು ಕೇಡಿಗನಲ್ಲ.
ಒಬ್ಬ ತನ್ನ ರೂಮಿನವನ ಜಾತಿ ಎತ್ತಿ ಬೈದದ್ದನ್ನು
ನುಂಗಿಹಾಕಿದ ರಾತ್ರಿ ಸುಖವಾಗಿ ನಿದ್ದೆ ಬಂತು.
ಇದೇ ಗುಂಡಿ. ಇದೇ ಹೆಬ್ಬೆರಳು.
ಗುಂಡಿಗೆ ನಾಲಿಗೆಯಿಲ್ಲ, ರುಚಿ ತಿಳಿಯುವುದಿಲ್ಲ.

ಆಮೇಲೆ ಯಂಕೋಬ, ದೇವದುರ್ಗದ ಕಡೆಯವ, ಸ್ಕ್ಯಾಫೋಲ್ಡಿಂಗ್ ಕೆಲಸ:
‘ಅಕ್ಕಾರ, ಮೂರು ತಿಂಗ್ಳಾತು, ಪಗಾರಿಲ್ರಿ.
ಪಾಸ್‌ಪೋರ್ಟ್ ಅವ್ರ ಕೈಯಾಗೈತಿ. ಕಂಪನಿ ಹೆಸ್ರು...’
ಹೇಳಿದ. ಒತ್ತಿದೆ.
ಊರಿಗೆ ಕೇಳಿದ್ದು ಚಿನ್ನದಂಗಡಿಯ ಜಾಹೀರಾತು.
ಹೆಸರು ಕೇಳಿದವರು ಐರಿನ್ ಮತ್ತು ನಾನು.
ಏಳು ಸೆಕೆಂಡು, ಇಬ್ಬರೇ ಸಭಿಕರು,
ಪೂರ್ತಿ ವಾಕ್‌ಸ್ವಾತಂತ್ರ್ಯ.
ಐರಿನ್ ಹೆಡ್‌ಫೋನು ತೆಗೆದು ಕಿವಿ ಉಜ್ಜಿಕೊಂಡಳು.

ಅಂದು ರಾತ್ರಿ ಬೈಂದೂರಿಗೆ ಫೋನು ಮಾಡಿದಾಗ
ಸುಜಯಾ ಕೇಳಿದಳು: ಲೈನು ಕಟ್ಟಾಯ್ತಾ?
ಇಲ್ಲ ಮಾರಾಯ್ತಿ,
ಈಚೆಗೆ ನನ್ನ ಮಾತು ಒಳಗೇ ಸ್ವಲ್ಪ ಹೊತ್ತು ನಿಂತು ಬರುತ್ತದೆ.

ಮುಂದಿನ ವಾರ ಅದೇ ದನಿ.
‘ಅಕ್ಕಾರ, ಧೂಳಿನ ಬಗ್ಗಿ ಮಾತಾಡ್ತೀನ್ರಿ.
ಮೊದ್ಲು ಒಂದ್ನೇ ತಾರೀಖಿಗೆ ತಪ್ಪದ ಬರ್ತಿತ್ರಿ ಧೂಳು.
ಈಗ ನಾಕು ತಿಂಗ್ಳಾತು, ಒಂದು ಹಿಡಿ ಬಂದಿಲ್ಲ.
ಮನಿಯಾಗ ಕೇಳ್ತಾಳ್ರಿ, ಧೂಳು ಕಳಿಸ್ಲಿಲ್ಲೇನು ಅಂತ.
ಮಗನ ಫೀಸಿಗೆ ಧೂಳು ಬೇಕ್ರಿ.’

ಒಂದು. ಎರಡು. ಹೆಬ್ಬೆರಳು ಕುಳಿಯಲ್ಲಿ.
ಮೂರು. ಗೋಡೆಯ ಹಾಳೆ ನೋಡಿದೆ. ನಾಲ್ಕು.
ನಗು ಬಂತೋ ಬೆವರು ಬಂತೋ ಐದು ಆರು
ಹೋಯಿತು. ಊರೆಲ್ಲ ಹೋಯಿತು.
ಟ್ಯಾಕ್ಸಿಗಳಲ್ಲಿ, ಮೆಸ್ಸಿನ ಅಡುಗೆಮನೆಗಳಲ್ಲಿ,
ಹದಿನಾರು ಜನರ ಒಂದು ಕೋಣೆಯಲ್ಲಿ.

ಆಮೇಲೆ ಫೋನು ಸುಮ್ಮನಿರಲಿಲ್ಲ.
ನಮಗೂ ಅರ್ಧ ಧೂಳೇ ಸಾರ್, ಅಂದ ಚನ್ನಪಟ್ಟಣದವನು.
ಧೂಳು ಕೇಳಿದ್ದಕ್ಕೆ ರೂಮು ಬಿಡಿಸಿದರು, ಅಂದಳು
ಹೆಸರು ಹೇಳದ ಹೆಂಗಸು.
ಹುಸೇನಬ್ಬರು ಹಾಡು ಕೇಳಲಿಲ್ಲ.
‘ಹನ್ನೊಂದು ವರ್ಷದ ಧೂಳು ಬಾಕಿ ಉಂಟು’ ಎಂದಷ್ಟೇ ಹೇಳಿ
ಇಟ್ಟುಬಿಟ್ಟರು.

ಸೋಮವಾರ ಆಫೀಸಿನಿಂದ ಕಾಗದ ಬಂತು.
ಕನ್ನಡ ಬಲ್ಲವರು ಅಲ್ಲೂ ಯಾರೋ ಇದ್ದಾರೆ;
ಚೆನ್ನಾಗಿಯೇ ಬಲ್ಲರು.
ಪೆನ್ಸಿಲಿನ ಸಾಲು ಅಳಿಸಿ, ಅದೇ ಜಾಗದಲ್ಲಿ
ಮಾರ್ಕರಿನಿಂದ ನಾನೇ ಬರೆದೆ: ಧೂಳು ಬೇಡ.
ಕೈಬರಹ ಚೆನ್ನಾಗಿ ಬಂತು.

ಇವತ್ತು ಶುಕ್ರವಾರ. ಹೊರಗೆ ನಿಜವಾಗಿಯೇ ಎದ್ದಿದೆ.
ಖಾರಿಯ ನೀರು ಕಾಣುತ್ತಿಲ್ಲ, ಎದುರಿನ ಮಸೀದಿಯ ದೀಪ ಕಂದು,
ಹವಾಮಾನ ಓದುವವಳಿಗೆ
‘ಗಾಳಿಯಲ್ಲಿ ಏನೋ ಇದೆ’ ಎನ್ನಲು ಹೇಳಿದ್ದೇವೆ.
ಕಿಟಕಿಯ ಸಂದಿನಿಂದ ನುಸುಳಿ ಅದು
ಗುಂಡಿಯ ಕುಳಿಯಲ್ಲಿ ಬಂದು ಕೂತಿದೆ, ನನಗಿಂತ ಮೊದಲು.

ಐರಿನ್ ‘ಹೇಳಿ’ ಅನ್ನುತ್ತಾಳೆ.
ಲೈನಿನಲ್ಲಿ ಯಾರೋ ಕೆಮ್ಮುತ್ತಾರೆ. ಮತ್ತೆ ಕೆಮ್ಮುತ್ತಾರೆ.
ಹಾಳೆಯಲ್ಲಿ ಹುಡುಕುತ್ತಿದ್ದೇನೆ.
ಕೆಮ್ಮಿನ ಬಗ್ಗೆ ಏನೂ ಬರೆದಿಲ್ಲ.